ಹಿಮ್ಮೈ ಇಲ್ಲದ ಕಸೂತಿ: ತುರ್ಕಿಯ ಚಿಲ್ಲರೆ ಬಟ್ಟೆಗಳು

ಸಭೆಗೆ ನನ್ನ ನಮಸ್ಕಾರಗಳು.

ತುರ್ಕಿಯ ಬಟ್ಟೆ ಎಂದೊಡನೆ ಇಸ್ತಾಂಬುಲಿನ ಟೋಪ್ಕಾಪಿ ಅರಮನೆಯಲ್ಲಿರುವ ಸುಲ್ತಾನರ ಕಫ್ತಾನು ಎಂಬ ನಿಲುವಂಗಿಗಳನ್ನು ನೆನೆಯುವವರೇ ಹೆಚ್ಚು. ಅವು ಭವ್ಯವಾಗಿವೆ, ಸರಿ. ಆದರೆ ಆ ಸೊಬಗು ಬಹುಪಾಲು ಮಗ್ಗದ್ದು, ನೇಯ್ಗೆಯಲ್ಲೇ ಮೂಡಿದ್ದು. ಸೂಜಿಯ ಕೆಲಸ ನೋಡಬೇಕೆಂದರೆ ಕೈ ಒರೆಸುವ ವಸ್ತ್ರ, ಗಂಟು ಕಟ್ಟುವ ಬಟ್ಟೆ, ತಲೆವಸ್ತ್ರ, ಷರಾಯಿಯ ಲಾಡಿ ಇಂಥವುಗಳ ಬಳಿಗೇ ಹೋಗಬೇಕು. ಇಂದು ನಾನು ಮಾತನಾಡುವುದು ಈ ಚಿಲ್ಲರೆ ಬಟ್ಟೆಗಳ ಬಗ್ಗೆ.

1718ರಲ್ಲಿ ಬ್ರಿಟಿಷ್ ರಾಯಭಾರಿಯ ಪತ್ನಿ ಮೇರಿ ವರ್ಟ್ಲಿ ಮಾಂಟೇಗು ಇಸ್ತಾಂಬುಲಿನಲ್ಲಿ, ಗತಿಸಿದ ಸುಲ್ತಾನ ಎರಡನೆಯ ಮುಸ್ತಫಾನ ರಾಣಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದಳು. ಬಡಿಸಿದ್ದು ಐವತ್ತು ಬಗೆ. ಆದರೆ ಆಕೆಯ ಪತ್ರ ಓದಿದವರ ಮನಸ್ಸಿನಲ್ಲಿ ಉಳಿಯುವುದು ಕೈವಸ್ತ್ರಗಳ ಮಾತು. ತೆಳುಬಟ್ಟೆಯ ಮೇಲೆ ರೇಷ್ಮೆ ಮತ್ತು ಚಿನ್ನದ ಎಳೆಗಳಿಂದ ಹೂ ತೆಗೆದ ಆ ವಸ್ತ್ರಗಳಿಗೆ ಕೈ ಒರೆಸಲು ಮನಸ್ಸೇ ಬರಲಿಲ್ಲವಂತೆ. ಊಟ ಮುಗಿಯುವಷ್ಟರಲ್ಲಿ ಅವೆಲ್ಲ ಹಾಳಾಗಿದ್ದವಂತೆ. ಸಂಕಟ ಅತಿಥಿಗೆ. ಮನೆಯವರ ಪಾಲಿಗೆ ಅವು ಇದ್ದದ್ದೇ ಒರೆಸುವುದಕ್ಕೆ.

ಈ ಬಳಕೆಯಿಂದಲೇ ತುರ್ಕಿ ಕಸೂತಿಗೆ ಅದರ ದೊಡ್ಡ ಗುಣ ಬಂದಿತೆಂಬುದು ನನ್ನ ಅಭಿಪ್ರಾಯ. ಪೆಶ್ಕಿರ್ ಎಂಬ ಉದ್ದನೆಯ ಕೈವಸ್ತ್ರದ ಎರಡು ಸೆರಗುಗಳಲ್ಲಿ ಮಾತ್ರ ಕಸೂತಿ ಇರುತ್ತದೆ, ನಡುವೆ ಖಾಲಿ. ಹೆಗಲಿನಿಂದಲೋ ತೊಡೆಯಿಂದಲೋ ಜೋಲುವ ಬಟ್ಟೆ ಯಾವ ಗಳಿಗೆಯಲ್ಲಿ ಯಾವ ಮೈ ತೋರಿಸುತ್ತದೆಂದು ಹೇಳಲಾಗದು. ಹಾಗಾಗಿ ಎರಡೂ ಮೈ ಒಂದೇ ಆಗಿರಬೇಕು. ಹೆಸಾಪ್ ಇಶಿ ಎಂಬ ಈ ವಿಧಾನದಲ್ಲಿ ಬಟ್ಟೆಯನ್ನು ಆಯತಾಕಾರದ ಚೌಕಟ್ಟಿಗೆ ಬಿಗಿದು, ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ನಡೆಸುತ್ತಾರೆ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಗಳ ಒಳಗೇ ಅಡಗಿಸಬೇಕು. ಒಂದು ಎಳೆ ಲೆಕ್ಕ ತಪ್ಪಿದರೆ ಹೂವಿನ ದಳ ವಾರೆಯಾಗುತ್ತದೆ.

ಧಾರವಾಡದ ಕಸೂತಿಯ ಗಾವಂತಿ, ಮುರ್ಗಿ ಹೊಲಿಗೆಗಳನ್ನು ಬಲ್ಲವರು ಇಲ್ಲಿ ತಲೆದೂಗುತ್ತಿರಬಹುದು. ಅಲ್ಲಿಯೂ ಎಳೆಯ ಎಣಿಕೆ, ಅಲ್ಲಿಯೂ ಗಂಟಿಲ್ಲ, ಅಲ್ಲಿಯೂ ಎರಡೂ ಮೈ ಒಂದೇ. ಹಾಗೆಂದು ಎರಡಕ್ಕೂ ನೆಂಟಸ್ತನ ಕಲ್ಪಿಸುವ ಉತ್ಸಾಹ ಬೇಡ. ನಮ್ಮಲ್ಲಿ ಗೋಪುರ, ತೇರು, ಆನೆ. ಅವರಲ್ಲಿ ಟ್ಯುಲಿಪ್, ಕಾರ್ನೇಷನ್, ದಾಳಿಂಬೆ, ಸೈಪ್ರೆಸ್ ಮರ, ಮುಂದೆ 18 ಮತ್ತು 19ನೆಯ ಶತಮಾನಗಳಲ್ಲಿ ಮಸೀದಿ, ನೀರಂಚಿನ ಮನೆ, ದೋಣಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಲಾಡಿ. ಸಡಿಲ ಷರಾಯಿಯನ್ನು ಸೊಂಟಕ್ಕೆ ಬಿಗಿಯುವ ಈ ಉಚ್ಕುರನ್ನು ಗಂಡಸರೂ ಕಟ್ಟುತ್ತಿದ್ದರು, ಹೆಂಗಸರೂ ಕಟ್ಟುತ್ತಿದ್ದರು. ಮೇಲಂಗಿಯ ಕೆಳಗೆ ಅದು ಬಹುಪಾಲು ಮುಚ್ಚಿಯೇ ಇರುತ್ತಿತ್ತು. ನಡೆಯುವಾಗ ತುದಿ ಇಣುಕಿದರೆ ಇಣುಕಿತು. ಅಂಥ ಬಟ್ಟೆಯ ತುದಿಗೆ ರೇಷ್ಮೆ, ಜರಿ, ಎರಡೂ ಮೈಗೆ ಹೂ! ಪಶ್ಚಿಮದ ಸಂಗ್ರಹಗಳಲ್ಲಿ ಎಷ್ಟೋ ಕಡೆ ಕತ್ತರಿಸಿದ ತುದಿಗಳನ್ನಷ್ಟೇ ಇಟ್ಟಿದ್ದಾರೆ. ಉಳಿದ ಖಾಲಿ ಬಟ್ಟೆ ಅವರಿಗೆ ಬೇಡವಾಯಿತು. ಲಾಡಿ ಎನ್ನಿಸಿಕೊಳ್ಳುವುದು ಆ ಖಾಲಿ ಬಟ್ಟೆಯಿಂದಲೇ ಅಲ್ಲವೇ?

ಹಮಾಮಿಗೆ, ಅಂದರೆ ಸಾರ್ವಜನಿಕ ಸ್ನಾನಗೃಹಕ್ಕೆ, ಒಯ್ಯುವ ಬಟ್ಟೆ, ಉಡುಗೊರೆ, ಮದುವಣಗಿತ್ತಿಯ ಸಾಮಾನು ಎಲ್ಲವನ್ನೂ ಬೋಹ್ಚಾ ಎಂಬ ಚೌಕ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ಅದಕ್ಕೂ ಕಸೂತಿ. ಇನ್ನು ನಾವು ಅಂಗಡಿಯಲ್ಲಿ ಕೇಳುವ ಟರ್ಕಿ ಟವೆಲ್ಲಿನ ಮೂಲವೂ ಈ ಹಮಾಮಿನ ಬಟ್ಟೆಯೇ. ಇಂಗ್ಲೆಂಡಿನ ಕ್ರಿಸ್ಟಿ ಕುಟುಂಬ ಅದರ ಕುಣಿಕೆ ನೇಯ್ಗೆಯನ್ನು ಯಂತ್ರಕ್ಕಿಳಿಸಿ 1851ರ ಲಂಡನ್ ಮಹಾಪ್ರದರ್ಶನದಲ್ಲಿಟ್ಟಿತು. ಕುಣಿಕೆ ನಮ್ಮವರೆಗೂ ಬಂತು, ಕಸೂತಿ ಬರಲಿಲ್ಲ.

ಎರಡೂ ಮೈ ಒಂದೇ ಆಗಿರುವ ಈ ಕಸೂತಿಗೆ ತೀರ ವಿರುದ್ಧವಾದದ್ದು ಮರಾಶ್ ಊರಿನ ಹೆಸರಿನಿಂದಲೂ ಕರೆಯುವ ದಿವಾಲ್ ಕಸೂತಿ. ರಟ್ಟಿನಲ್ಲಿ ಹೂಬಳ್ಳಿ ಕತ್ತರಿಸಿ ಮಖಮಲ್ಲಿಗೆ ಅಂಟಿಸಿ, ಜರಿಯನ್ನು ರಟ್ಟಿನ ಮೇಲೆ ಅತ್ತಿಂದಿತ್ತ ಹಾಯಿಸಿ, ಅಂಚಿನಲ್ಲಿ ಮೇಣ ತಿಕ್ಕಿದ ದಾರದಿಂದ ಕೆಳಗಿನಿಂದ ಹಿಡಿದು ನಿಲ್ಲಿಸುತ್ತಾರೆ. ಜರಿ ಹಿಮ್ಮೈಗೆ ಇಳಿಯುವುದೇ ಇಲ್ಲ. ದುಬಾರಿ ಎಳೆಯನ್ನು ಕಾಣದ ಕಡೆ ಏಕೆ ಸುರಿಯಬೇಕು ಎಂಬ ಲೆಕ್ಕ ಅದರಲ್ಲಿದೆ. ಮದುವೆಗೆ ಮುನ್ನಿನ ಮದರಂಗಿ ರಾತ್ರಿಯಲ್ಲಿ ವಧು ತೊಡುವ ಬಿಂದಲ್ಲಿ ನಿಲುವಂಗಿ ಇದರದೇ. ನೋಡಿದರೆ ಕಣ್ಣು ಕುಕ್ಕುತ್ತದೆ. ಆದರೂ ನನ್ನ ಮನಸ್ಸು ಲಾಡಿಯ ಕಡೆಗೇ.

1877ರಲ್ಲಿ ರಷ್ಯಾದೊಡನೆ ಯುದ್ಧ ಶುರುವಾದಾಗ ಬಾಲ್ಕನ್ ಸೀಮೆಯ ನಿರಾಶ್ರಿತರು ಇಸ್ತಾಂಬುಲಿಗೆ ಹರಿದುಬಂದರು. ಬ್ರಿಟನ್ನಿನ ಸಿರಿವಂತೆ ಆಂಜೆಲಾ ಬರ್ಡೆಟ್ ಕೂಟ್ಸ್ ಆರಂಭಿಸಿದ ಪರಿಹಾರ ನಿಧಿ ಆ ಹೆಂಗಸರ ಕೈಗೆ ಸೂಜಿ ಕೆಲಸ ಕೊಟ್ಟು ವಿದೇಶಗಳಲ್ಲಿ ಮಾರಿತು. 1893ರ ಶಿಕಾಗೋ ಪ್ರದರ್ಶನದಲ್ಲೂ ಅವರ ಕಸೂತಿ ಇತ್ತು. ಮನೆಯಲ್ಲಿ ಕಲಿತದ್ದು ಹೀಗೆ ಹೊಟ್ಟೆಗೆ ದಾರಿಯಾಯಿತು.

ಕೊನೆಯದಾಗಿ ಓಯಾ, ತಲೆವಸ್ತ್ರದ ಅಂಚಿಗೆ ಹೆಣೆಯುವ ಪುಟ್ಟ ಹೂಗಳು. ಮೆಣಸಿನಕಾಯಿ ಓಯಾ ತೊಟ್ಟರೆ ಗಂಡನ ಮೇಲೆ ಮುನಿಸು ಎಂದು ಪ್ರವಾಸಿ ಮಾರ್ಗದರ್ಶಿಗಳು ಹೇಳುತ್ತಾರೆ. ಅಲ್ಲೊಂದು ಇಲ್ಲೊಂದು ಊರಿನಲ್ಲಿ ಇದ್ದೀತು. ಪ್ರತಿಯೊಂದು ಹೂವೂ ಸಂದೇಶವೆಂದು ನಾನು ನಂಬುವುದಿಲ್ಲ, ಚೆಂದಕ್ಕಾಗಿ ಹೆಣೆದದ್ದೂ ಬೇಕಾದಷ್ಟಿದೆ. ಏಜಿಯನ್ ಸೀಮೆಯ ಜೈಬೆಕ್ ಗಂಡಸರು, ಮೀಸೆ ಹೊತ್ತ ಬಂದೂಕುಧಾರಿಗಳು, ಇದೇ ಹೂಗಳನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರು.

ಇಷ್ಟು ಹೊತ್ತು ಗಂಟು ನಿಷಿದ್ಧ ಎಂದು ಹೇಳಿದೆ. ಸೂಜಿಯ ಓಯಾದಲ್ಲಿ ಗಂಟೇ ಎಲ್ಲ: ಪ್ರತಿ ಕುಣಿಕೆಗೂ ಒಂದು ಗಂಟು. ಹಾಗಾಗಿ ನಡುವೆ ಎಳೆ ಕತ್ತರಿಸಿದರೂ ಅದು ಬಿಚ್ಚಿಕೊಳ್ಳುವುದಿಲ್ಲ. ಕ್ರೋಶಾ ಕಡ್ಡಿಯಿಂದ ಹೆಣೆದದ್ದಾದರೆ ಎಳೆದಷ್ಟೂ ಬರುತ್ತದೆ. ಇಸ್ತಾಂಬುಲಿನ ಅಂಗಡಿಗಳಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ತೂಗುಹಾಕಿರುತ್ತಾರೆ. ಕತ್ತರಿ ಹಾಕಿ ನೋಡಲು ಅಂಗಡಿಯವರು ಬಿಡುವುದಿಲ್ಲ, ಭೂತಕನ್ನಡಿ ಒಯ್ಯಿರಿ.