ಕೈಗೆಟುಕುವ ಹ್ಯಾಂಡಲ್

ಎಲ್ಲರಿಗೂ ವಂದನೆಗಳು. ಮಾತಿಗೆ ಮೊದಲು ಈ ಸೀಟನ್ನು ನೋಡಿ. ನನ್ನ ಹಳೆಯ ಸೈಕಲ್ಲಿನದು. ಹಿಂದಿನ ಅಗಲವಾದ ಭಾಗ ಹೊಸದರಂತೆಯೇ ಇದೆ. ಮುಂದಿನ ಮೂತಿ ಮಾತ್ರ ಸವೆದು, ಹೊದಿಕೆ ಹರಿದು, ಒಳಗಿನ ಫೋಮ್ ಹಣಕಿ ಹಾಕುತ್ತಿದೆ. ನನ್ನ ಎತ್ತರ 152 ಸೆಂಟಿಮೀಟರ್. ಮೂರು ವರ್ಷ ನಾನು ಈ ಸೀಟಿನ ಮೇಲೆ ಕೂರಲೇ ಇಲ್ಲ, ತುದಿಗೆ ಜೋತುಬಿದ್ದಿದ್ದೆ. ಹ್ಯಾಂಡಲ್ ಕೈಗೆ ಎಟುಕುತ್ತಿರಲಿಲ್ಲ, ದೇಹ ತಾನಾಗಿ ಮುಂದಕ್ಕೆ ಜಾರಿಕೊಂಡಿತ್ತು. ಕತ್ತು ನೋಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ ಎಂದರೆ, ಅಭ್ಯಾಸವಾಗುತ್ತದೆ ಬಿಡು ಎನ್ನುತ್ತಿದ್ದರು. ಹಾಗೆಂದವರೆಲ್ಲ ಎತ್ತರದವರು.

ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಸೀಟನ್ನು ಮುಂದಕ್ಕೆ ತಳ್ಳುವುದು. ನಾನೂ ತಳ್ಳಿದ್ದೆ. ಸೊಂಟ ಪೆಡಲುಗಳ ಕಡೆಗೆ ಸರಿದಷ್ಟೂ ಮೈಭಾರ ಕೈಗಳ ಮೇಲೆ ಬೀಳುತ್ತದೆ. ಅಂಗೈಯ ಜೋಮು ಇಮ್ಮಡಿಯಾಯಿತು. ಸೀಟಿನ ಜಾಗವನ್ನು ನಿರ್ಧರಿಸಬೇಕಾದದ್ದು ಕಾಲು, ಕೈಯಲ್ಲ. ತೊಡೆ ಗಿಡ್ಡವಿದ್ದವರಿಗೆ ಸೀಟು ಸ್ವಲ್ಪ ಮುಂದಿರಬೇಕಾಗಬಹುದು, ಅದು ಬೇರೆ ಮಾತು. ಆದರೆ ಹ್ಯಾಂಡಲ್ ದೂರವಿದೆ ಎಂಬ ಕಾರಣಕ್ಕೆ ಅದನ್ನು ಮುಟ್ಟಬಾರದು.

ಹಾಗಾಗಿ ಮೊದಲು ಕಾಲಿನ ಲೆಕ್ಕ ಮುಗಿಸೋಣ. ಗೋಡೆ ಹಿಡಿದು ಸೈಕಲ್ ಏರಿ, ಪೆಡಲ್ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಿ, ಸೊಂಟ ವಾಲದೆ ಇದ್ದರೆ ಎತ್ತರ ಹೆಚ್ಚುಕಡಿಮೆ ಸರಿ. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನೊಂದಿಗೆ ಅಂಟಿಕೊಂಡ ಇನ್ನೊಂದು ಲೆಕ್ಕವಿದೆ: ಕಾಲಿನ ಒಳ ಅಳತೆಯನ್ನು, ಅಂದರೆ ತೊಡೆಸಂದಿನಿಂದ ನೆಲದವರೆಗಿನ ಉದ್ದವನ್ನು, 0.883ರಿಂದ ಗುಣಿಸಿ. ನನ್ನದು 68 ಸೆಂ.ಮೀ., ಅಂದರೆ ಪೆಡಲ್ ಹಿಡಿದ ತೋಳು, ಕ್ರ್ಯಾಂಕ್, ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ 60. ಆರಂಭಕ್ಕೆ ಸಾಕು, ವೇದವಾಕ್ಯವೇನಲ್ಲ.

ಇನ್ನು ಕೈ. ನಾನು ಬ್ರೇಕಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅದಕ್ಕೆ ಏನನ್ನೂ ಕೊಳ್ಳಬೇಕಾಗಿಲ್ಲ. ಹೆಚ್ಚಿನ ಬ್ರೇಕ್ ಲಿವರುಗಳಲ್ಲಿ ಇಂಥದೊಂದು ಪುಟ್ಟ ಸ್ಕ್ರೂ ಅಡಗಿರುತ್ತದೆ. ಇಲ್ಲಿ ರಬ್ಬರ್ ಹೊದಿಕೆಯನ್ನು ಹಿಂದಕ್ಕೆ ಮಡಚಿದ್ದೇನೆ, ನೋಡಿ. ತೀರಾ ಸಣ್ಣ ಅಲೆನ್ ಕೀ ತೂರಿಸಿ ಕಾಲು ಸುತ್ತು, ಇನ್ನೊಂದು ಕಾಲು ಸುತ್ತು ತಿರುಗಿಸಿದಂತೆ ಲಿವರ್ ಹ್ಯಾಂಡಲ್ ಕಡೆಗೆ ಸರಿಯುತ್ತಿದೆ. ಅಂಗೈ ಕದಲಿಸದೆ ತೋರುಬೆರಳಿನ ಮೊದಲ ಗೆಣ್ಣು ಲಿವರನ್ನು ಬಳಸುವಂತಾದಾಗ ನಿಲ್ಲಿಸಿ. ಈಗ ಗಟ್ಟಿಯಾಗಿ ಹಿಡಿದು ನೋಡಿ: ಬ್ರೇಕ್ ಕಚ್ಚುವ ಮೊದಲೇ ಲಿವರ್ ಹ್ಯಾಂಡಲ್‌ಗೆ ತಾಗಿದರೆ ಕೇಬಲ್ ಬಿಗಿ ಮಾಡಬೇಕು. ಚಿಕ್ಕ ಕೈಯವರು ಇಳಿಜಾರಿನಲ್ಲಿ ಹೆದರುವುದಕ್ಕೆ ಅರ್ಧ ಕಾರಣ ಈ ಸ್ಕ್ರೂ ಎಂಬುದು ನನ್ನ ಅನುಮಾನ.

ಮುಂದಿನದು ಸ್ಟೆಮ್, ಹ್ಯಾಂಡಲನ್ನು ಮುಂದಿನ ಚಕ್ರ ಹೊತ್ತ ಫೋರ್ಕಿಗೆ ಹಿಡಿದಿಡುವ ಈ ಗಿಡ್ಡ ತೋಳು. ಅದರ ಮೇಲೆ ಸ್ಪೇಸರ್ ಉಂಗುರಗಳಿದ್ದರೆ ಅವನ್ನು ಕೆಳಗೆ ಹಾಕಿ. ಫೋರ್ಕಿನ ಕೊಳವೆ ಹಿಂದಕ್ಕೆ ಓರೆಯಾಗಿರುವುದರಿಂದ ಹ್ಯಾಂಡಲ್ 10 ಮಿ.ಮೀ. ಏರಿದರೆ ಸುಮಾರು 3 ಮಿ.ಮೀ. ಹತ್ತಿರವೂ ಬರುತ್ತದೆ. ಸಾಲದಿದ್ದರೆ 100 ಮಿ.ಮೀ. ಸ್ಟೆಮ್ ತೆಗೆದು 80 ಅಥವಾ 60ರದ್ದನ್ನು ಹಾಕಬಹುದು. ತಿರುವು ತುಸು ಚುರುಕೆನಿಸುತ್ತದೆ. ಕೆಲವು ದಿನಗಳಲ್ಲಿ ಒಗ್ಗುತ್ತದೆ. ಇದು ನಿಜಕ್ಕೂ ಅಭ್ಯಾಸವಾಗುವಂಥದ್ದು. ಮತ್ತೆ ಜೋಡಿಸುವಾಗ ಮೇಲಿನ ಮುಚ್ಚಳದ ಬೋಲ್ಟ್ ಮೊದಲು, ಪಕ್ಕದ ಬೋಲ್ಟುಗಳು ನಂತರ. ಸ್ಟೆಮ್ಮನ್ನು ಹಿಡಿದು ನಿಲ್ಲಿಸುವವು ಪಕ್ಕದವು. ಮೇಲಿನದು ಬೇರಿಂಗಿನ ಸಡಿಲ ತೆಗೆಯುವುದಕ್ಕಷ್ಟೇ.

ಬಾಗಿದ ಹ್ಯಾಂಡಲ್ ಇದ್ದವರು ಅದನ್ನೂ ಅಳೆಯಿರಿ. ಹಳೆಯ ಮಾದರಿಗಳು ಮುಂದಕ್ಕೆ 90 ಮಿ.ಮೀ.ಗೂ ಹೆಚ್ಚು ಚಾಚಿರುತ್ತವೆ, ಈಗಿನ ಕಾಂಪ್ಯಾಕ್ಟ್ ಮಾದರಿಗಳು 70ರ ಆಸುಪಾಸು.

ಇಷ್ಟೆಲ್ಲ ಮಾಡಿಯೂ ದೂರವೇ ಉಳಿದರೆ ದೋಷ ಫ್ರೇಮಿನದು, ಮತ್ತು ಅಳತೆಯ ಪಟ್ಟಿ ಅದನ್ನು ಜಾಣತನದಿಂದ ಮುಚ್ಚಿಡುತ್ತದೆ. ಎರಡು ಚಿಕ್ಕ ಫ್ರೇಮುಗಳಲ್ಲಿ ಮೇಲಿನ ಕೊಳವೆಯ ಅಳತೆ ಒಂದೇ, 51 ಸೆಂ.ಮೀ. ಎಂದಿಟ್ಟುಕೊಳ್ಳಿ. ಸೀಟಿನ ಕೊಳವೆ ಒಂದರಲ್ಲಿ 74 ಡಿಗ್ರಿ, ಇನ್ನೊಂದರಲ್ಲಿ 76, ಅಂದರೆ ಇನ್ನೂ ನೆಟ್ಟಗೆ. ಎರಡನೆಯದರಲ್ಲಿ ಸೀಟು ಮೊದಲೇ ಮುಂದಿದೆ. ಕಾಲಿಗೆ ಸರಿಹೋಗಲು ನಾನು ಅದನ್ನು ಸುಮಾರು 2 ಸೆಂ.ಮೀ. ಹಿಂದಕ್ಕೆ ಎಳೆದ ಕೂಡಲೇ ಹ್ಯಾಂಡಲ್ ಅಷ್ಟೇ ದೂರ ಹೋಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ರೀಚ್ ಎಂಬ ಸಂಖ್ಯೆಯನ್ನು ಹುಡುಕಿ. ಅದನ್ನು ಕ್ರ್ಯಾಂಕಿನ ನಡುಬಿಂದುವಿನಿಂದ ಫ್ರೇಮಿನ ಮುಂದಿನ ಕೊಳವೆಯ ಮೇಲ್ತುದಿಯವರೆಗೆ ಅಡ್ಡಲಾಗಿ ಅಳೆಯುತ್ತಾರೆ, ಸೀಟಿನ ಮಾಯಾಜಾಲ ಅಲ್ಲಿ ನಡೆಯದು.

ತಯಾರಕರು ಹೀಗೇಕೆ ಮಾಡುತ್ತಾರೆ? ಚಕ್ರದ ದೆಸೆಯಿಂದ. ಆರಡಿಯವರಿಗೂ ನನಗೂ ಅದೇ 622 ಮಿ.ಮೀ. ರಿಮ್. ಫ್ರೇಮ್ ಗಿಡ್ಡ ಮಾಡುತ್ತ ಹೋದರೆ, ತಿರುಗುವಾಗ ಪಾದದ ತುದಿ ಮುಂದಿನ ಟೈರಿಗೆ ತಾಗುತ್ತದೆ. ಅದಕ್ಕೇ ಮುಂಭಾಗವನ್ನು ಹಾಗೇ ಬಿಟ್ಟು ಸೀಟಿನ ಕೊಳವೆಯನ್ನು ನೆಟ್ಟಗೆ ಮಾಡುತ್ತಾರೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ಜಾರ್ಜಿನಾ ಟೆರಿ 1985ರಲ್ಲಿ ತಮ್ಮದೇ ಕಂಪನಿ ತೆರೆದು, ಗಿಡ್ಡ ಮಹಿಳೆಯರಿಗಾಗಿ ಮುಂದೆ 24 ಇಂಚಿನ ಚಿಕ್ಕ ಚಕ್ರ ಹಾಕಿದ ಸೈಕಲ್ ಮಾರಿದರು. ನೋಡಲು ವಿಚಿತ್ರ, ಆದರೆ ಗಂಟಿನ ಬುಡಕ್ಕೇ ಕೈ ಹಾಕಿದ್ದರು.

ಕ್ರ್ಯಾಂಕಿನ ಬಗ್ಗೆ ಒಂದು ಮಾತು. 170 ಮಿ.ಮೀ. ಬದಲು 160 ಹಾಕಿದರೆ ಪೆಡಲ್ ಕೆಳಗೆ 10 ಮಿ.ಮೀ. ಕಡಿಮೆ ಇಳಿಯುತ್ತದೆ, ಸೀಟನ್ನು ಅಷ್ಟೇ ಏರಿಸಬಹುದು. ಮೇಲೂ ಪಾದ 10 ಮಿ.ಮೀ. ಕಡಿಮೆ ಏರುವುದರಿಂದ, ಮೊಣಕಾಲು ಎದೆಗೆ ಬಡಿಯುವಂತೆ ಮಡಚುವುದು ತಪ್ಪುತ್ತದೆ. ಸೀಟು ಏರಿದ್ದನ್ನು ಮರೆತು ಹ್ಯಾಂಡಲನ್ನು ಹಾಗೇ ಬಿಟ್ಟರೆ ಮಾತ್ರ ಕತ್ತು ಮತ್ತೆ ನೋಯುತ್ತದೆ.

ನನ್ನ ಈಗಿನ ಸೈಕಲ್ ಆ ಬಾಗಿಲ ಬಳಿ ನಿಂತಿದೆ. ಸ್ಟೆಮ್ 60, ಕ್ರ್ಯಾಂಕ್ 160. ಬೇಕಾದವರು ಏರಿ ನೋಡಬಹುದು. ಎತ್ತರದವರ ಮೊಣಕಾಲು ಹ್ಯಾಂಡಲ್‌ಗೆ ತಾಗಿದರೆ, ಅಭ್ಯಾಸವಾಗುತ್ತದೆ ಬಿಡಿ.