ನಾವು ನೋಡಿದ ಸಿನಿಮಾ ಎಲ್ಲಿ ಹೋಯಿತು?

(ಕಾಸರಗೋಡಿನ ಒಂದು ಹಳ್ಳಿ ವಾಚನಾಲಯದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

2025ರ ಮಾರ್ಚ್ ಕೊನೆಗೆ ಬಂದ ಮಲಯಾಳದ ‘ಎಂಪುರಾನ್’ ನೋಡಿದವರು ಒಮ್ಮೆ ಕೈ ಎತ್ತಿ. ಸುಮಾರು ಜನ ಇದ್ದೀರಿ. ಈಗ, ಬಿಡುಗಡೆಯಾದ ಮೊದಲ ಎರಡು ಮೂರು ದಿನದಲ್ಲೇ ನೋಡಿದವರು ಮಾತ್ರ ಕೈ ಹಾಗೇ ಇಡಿ. ಇವರು ನೋಡಿದ್ದು ಒಂದು ಸಿನಿಮಾ, ತಡವಾಗಿ ಹೋದವರು ನೋಡಿದ್ದು ಇನ್ನೊಂದು. ಗಲಾಟೆ ಎದ್ದ ಮೇಲೆ ಚಿತ್ರತಂಡದವರೇ ಎರಡು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಭಾಗ ಕತ್ತರಿಸಿದರು. ಖಳನಾಯಕನ ಹೆಸರನ್ನೂ ಬದಲಿಸಿದರು. ಪೋಸ್ಟರ್ ಮಾತ್ರ ಅದೇ.

ಕತ್ತರಿಸಿದ್ದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಹೋದರೆ ರಾತ್ರಿಯಾದೀತು. ನನಗೆ ಬೇಕಾದ ಪ್ರಶ್ನೆ ಇಷ್ಟೇ. ಒಂದು ಸಿನಿಮಾವನ್ನು ಜನರ ಮುಂದೆ ಇಟ್ಟ ಮೇಲೆ, ಆ ಮೊದಲ ರೂಪ ಯಾರದ್ದು? ಮಾಡಿದವನು ಮನಸ್ಸು ಬಂದ ಹಾಗೆ ಬದಲಿಸಿ, ಹಳೆಯದನ್ನು ಒಳಗೆ ಇಟ್ಟು ಬೀಗ ಹಾಕಬಹುದಾ? ಇಲ್ಲ, ನೋಡಿ ಮೆಚ್ಚಿದವರಿಗೆ ಅದನ್ನು ಕೇಳುವ ಹಕ್ಕು ಉಂಟಾ?

ಈ ಪ್ರಶ್ನೆಯನ್ನು ನಮ್ಮ ಊರಿನಲ್ಲಿ ಕೇಳುವುದು ಸರಿಯೇ ಅನ್ನಿಸುತ್ತದೆ. 1956ರ ನವೆಂಬರ್ 1ಕ್ಕೆ ನಮ್ಮನ್ನು ಒಂದು ಮಾತು ಕೇಳದೆ ಕೇರಳಕ್ಕೆ ಸೇರಿಸಿ ಎಡಿಟ್ ಮಾಡಿದ್ದಾರೆ, ಹಾಗಾಗಿ ವಿಷಯ ಬೇಗ ಅರ್ಥವಾಗುತ್ತದೆ. ತಮಾಷೆ ಬಿಡಿ. ನಾವು ಮಲಯಾಳ ಸಿನಿಮಾವನ್ನು ಇಲ್ಲೇ ನೋಡುತ್ತೇವೆ, ಕನ್ನಡ, ತುಳು ಸಿನಿಮಾಕ್ಕೆ ಎಷ್ಟೋ ಸಲ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಡಬ್ಬಿಂಗ್, ರಿಮೇಕ್, ರೀ-ರಿಲೀಸ್ ಎಲ್ಲ ನಮಗೆ ದಿನಬಳಕೆಯ ಮಾತು.

ಈ ಜಗಳದ ದೊಡ್ಡ ಕಥೆ ಅಮೆರಿಕದ್ದು. ಜಾರ್ಜ್ ಲೂಕಾಸ್ 1977ರಲ್ಲಿ ‘ಸ್ಟಾರ್ ವಾರ್ಸ್’ ಮಾಡಿದರು. 20 ವರ್ಷ ಕಳೆದ ಮೇಲೆ, 1997ರಲ್ಲಿ, ಅದನ್ನೇ ತಿದ್ದಿ ಮತ್ತೆ ಬಿಡುಗಡೆ ಮಾಡಿದರು. ಕಂಪ್ಯೂಟರ್‌ನಲ್ಲಿ ಮಾಡಿದ ಹೊಸ ಪ್ರಾಣಿಗಳು, ಮೊದಲು ಬಿಟ್ಟಿದ್ದ ಒಂದು ದೃಶ್ಯ, ಹೊಸ ಸದ್ದು ಎಲ್ಲ ಸೇರಿದವು. ಜನ ಸಿಟ್ಟಾದದ್ದು ಮುಖ್ಯವಾಗಿ ಒಂದು ಸಣ್ಣ ಬದಲಾವಣೆಗೆ. ಹಾನ್ ಸೋಲೋ ಎಂಬ ಕಳ್ಳಸಾಗಣೆಗಾರನನ್ನು ಹಿಡಿಯಲು ಒಬ್ಬ ಬರುತ್ತಾನೆ. ಇಬ್ಬರೂ ಮೇಜಿನ ಎದುರುಬದುರು ಕೂತಿರುತ್ತಾರೆ. ಹಾನ್ ಮಾತಾಡುತ್ತಾ ಮೇಜಿನ ಕೆಳಗಿಂದಲೇ ಗುಂಡು ಹಾರಿಸಿ ಅವನನ್ನು ಮುಗಿಸುತ್ತಾನೆ. 1977ರಲ್ಲಿ ಅಷ್ಟೇ ಇದ್ದದ್ದು. 1997ರಲ್ಲಿ ಎದುರಿನವನು ಮೊದಲು ಹಾರಿಸುತ್ತಾನೆ, ಅಷ್ಟು ಹತ್ತಿರದಿಂದಲೂ ಗುರಿ ತಪ್ಪುತ್ತಾನೆ, ಆಮೇಲೆ ಹಾನ್ ಹಾರಿಸುತ್ತಾನೆ. ಒಂದೆರಡು ಸೆಕೆಂಡಿನ ಮಾತು. ಆದರೆ ಆ ಮನುಷ್ಯನ ಗುಣವೇ ಬೇರೆಯಾಯಿತು. ಸ್ವಾರ್ಥಿಯಾಗಿದ್ದವನು ಕೊನೆಗೆ ಸ್ನೇಹಿತನ ಸಹಾಯಕ್ಕೆ ಬರುತ್ತಾನಲ್ಲ, ಆ ಬದಲಾವಣೆಯ ಬಿಸಿಯೇ ಕಡಿಮೆಯಾಯಿತು.

ತಿದ್ದಿದ್ದಕ್ಕೆ ನನ್ನ ತಕರಾರಿಲ್ಲ. ಹಳೆಯದನ್ನು ಮಾರುಕಟ್ಟೆಯಿಂದ ಎತ್ತಿಬಿಟ್ಟದ್ದಕ್ಕೆ ತಕರಾರು. 2006ರಲ್ಲಿ ಒಮ್ಮೆ ಡಿವಿಡಿಯ ಜೊತೆಗೆ ಹೆಚ್ಚುವರಿ ಎಂಬಂತೆ ಹಳೆಯ ರೂಪ ಕೊಟ್ಟರು. ಅದೂ 1993ರ ಲೇಸರ್ ಡಿಸ್ಕ್‌ಗೆ ಮಾಡಿಟ್ಟಿದ್ದ ಮಾಸ್ಟರ್‌ನಿಂದ. ದೊಡ್ಡ ಟಿವಿಯಲ್ಲಿ ಹಾಕಿದರೆ ಮಸುಕು ಮಸುಕು. ಕೊನೆಗೆ ಅಭಿಮಾನಿಗಳೇ ಹಳೆಯ 35 ಎಂಎಂ ಪ್ರಿಂಟ್‌ಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಫ್ರೇಮ್ ಫ್ರೇಮ್ ತೊಳೆದು, 1977ರ ರೂಪವನ್ನು ಕಟ್ಟಿದರು. ಕಾನೂನಿನ ಕಣ್ಣಿನಲ್ಲಿ ಅದು ಸರಿಯಲ್ಲ. ಆದರೆ ಕಂಪನಿ ಮಾಡಬೇಕಾದ ಕೆಲಸವನ್ನು ಇವರು ಮಾಡಿದರು ಅಂತ ನನಗೆ ಅನ್ನಿಸುವುದಂತೂ ಹೌದು. ಈಗ 50 ವರ್ಷ ತುಂಬುವ 2027ಕ್ಕೆ ಹಳೆಯ ರೂಪವನ್ನೇ ಮತ್ತೆ ಥಿಯೇಟರಿಗೆ ತರುತ್ತೇವೆ ಎಂದು ಕಂಪನಿ ಪ್ರಕಟಿಸಿದೆ. ಅಷ್ಟು ವರ್ಷ ಕೇಳಿದ್ದಕ್ಕೆ ಫಲ ಸಿಕ್ಕಿತು ಅನ್ನೋಣ.

ಇದರಲ್ಲಿ ಒಂದು ವಿಚಿತ್ರ ಉಂಟು. ಇದೇ ಲೂಕಾಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಹೋಗಿ, ಹಳೆಯ ಕಪ್ಪು-ಬಿಳುಪು ಸಿನಿಮಾಗಳಿಗೆ ಬಣ್ಣ ಬಳಿಯುವವರ ವಿರುದ್ಧ ಮಾತಾಡಿದ್ದರು. ಲಾಭಕ್ಕಾಗಿ ಕಲಾಕೃತಿಯನ್ನು ಕೆಡಿಸುವವರು ಅನಾಗರಿಕರು ಎಂಬ ಅರ್ಥದ ಮಾತು. ಅವರ ಪರವಾಗಿ ಹೇಳಬಹುದಾದ್ದೂ ಉಂಟು. ಅವರ ಸಿಟ್ಟು ಬೇರೆಯವರ ಕೃತಿಗೆ ಕೈ ಹಾಕುವ ಕಂಪನಿಗಳ ಮೇಲೆ. ನನ್ನ ಕೃತಿ, ನಾನೇ ತಿದ್ದುತ್ತೇನೆ, ಅದರಲ್ಲಿ ಏನು ತಪ್ಪು ಎಂಬುದು ಅವರ ವಾದ.

ತಪ್ಪು ಎಲ್ಲಿ ಅಂದರೆ, ಸಿನಿಮಾ ಒಬ್ಬನ ಕೃತಿ ಅಲ್ಲ. ಆ ಮೊದಲ ‘ಸ್ಟಾರ್ ವಾರ್ಸ್’ಗೆ 1978ರಲ್ಲಿ ಸಂಕಲನಕ್ಕೆ ಆಸ್ಕರ್ ಬಂತು, ವಿಷುಯಲ್ ಎಫೆಕ್ಟ್ಸ್‌ಗೂ ಬಂತು. ಮೂವರು ಸಂಕಲನಕಾರರು. ಎಫೆಕ್ಟ್ಸ್‌ನವರು ಮಾಡೆಲ್ ಕಟ್ಟಿ, ಒಂದೊಂದೇ ಶಾಟ್ ತೆಗೆದವರು. ಪ್ರಶಸ್ತಿ ಬಂದ ಆ ಕೆಲಸ ಹೇಗಿತ್ತು ತೋರಿಸಿ ಅಂತ ಸಿನಿಮಾ ಕಲಿಯುವ ಹುಡುಗಿಯೊಬ್ಬಳು ಕೇಳಿದರೆ, ಅಂಗಡಿಯಲ್ಲಿ ಸಿಗುವುದು ಬೇರೆಯವರು ತೇಪೆ ಹಾಕಿದ್ದು. ಹಾಗಾಗಿ ನಾನು ಇದನ್ನು ಅಭಿಮಾನಿಗಳಿಗೆ ತೀರಿಸಬೇಕಾದ ಸಾಲ ಅಂತ ನೋಡುವುದೇ ಇಲ್ಲ. ಅಭಿಮಾನಿ ಟಿಕೆಟ್ ಕೊಟ್ಟ, ಸಿನಿಮಾ ನೋಡಿದ, ವ್ಯವಹಾರ ಮುಗಿಯಿತು ಅಂತ ಯಾರಾದರೂ ವಾದಿಸಬಹುದು. ಜೊತೆಗೆ ದುಡಿದವರ ಲೆಕ್ಕ ಹಾಗೆ ಮುಗಿಯುವುದಿಲ್ಲ.

ಈಗ ನೀವು ಕೇಳಬಹುದು, ನಮ್ಮ ಯಕ್ಷಗಾನದ ಆಟದಲ್ಲಿ ದಿನಾ ಬದಲಾವಣೆ ಆಗುವುದಿಲ್ಲವಾ ಅಂತ. ಹೌದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಕುಂಬಳೆ ಇಲ್ಲೇ ಪಕ್ಕದಲ್ಲಿ. ಒಂದೇ ಪ್ರಸಂಗ, ಇವತ್ತಿನ ರಾಮ ಒಂದು ಅರ್ಥ ಹೇಳುತ್ತಾನೆ, ನಾಳಿನ ರಾಮ ಇನ್ನೊಂದು. ಕಾಲಮಿತಿ ಬಂದ ಮೇಲಂತೂ ಭಾಗವತರು ಎಷ್ಟೋ ಪದ ಬಿಟ್ಟೇ ಬಿಡುತ್ತಾರೆ, ಬೆಳಗಿನ ತನಕ ನಡೆಯುತ್ತಿದ್ದದ್ದು ಮಧ್ಯರಾತ್ರಿಗೇ ಮಂಗಳ. ಆದರೂ ಯಾರೂ ‘ಮೂಲ ಕೊಡಿ’ ಅಂತ ಮೇಳದ ಯಜಮಾನರ ಮನೆಗೆ ಹೋಗುವುದಿಲ್ಲ. ಯಾಕೆ? ಬಿಟ್ಟ ಪದ ಪ್ರಸಂಗ ಪುಸ್ತಕದಲ್ಲಿ ಹಾಗೇ ಉಂಟು. ಬೇಕಾದವರು ನಾಳೆ ತಾಳಮದ್ದಳೆಯಲ್ಲಿ ಅದನ್ನೇ ಎತ್ತಿ ಹಾಡಬಹುದು. ಸಿನಿಮಾಕ್ಕೆ ಈ ಅನುಕೂಲ ಇಲ್ಲ. ಪ್ರಸಂಗವೂ ಅದೇ, ಆಟವೂ ಅದೇ, ವೇಷವೂ ಅದೇ. ಆ ಒಂದು ರೀಲಿನಲ್ಲೇ ಎಲ್ಲ. ಚಿತ್ರಕಥೆಯ ಪುಸ್ತಕ ಇಟ್ಟುಕೊಂಡು ಸಿನಿಮಾ ವಾಪಸ್ ತರಲು ಆಗುವುದಿಲ್ಲ.

ಇನ್ನು ‘ಮೊದಲ ರೂಪ’ ಅಂದರೆ ಯಾವುದು? ಇಲ್ಲಿ ವಿಷಯ ಸ್ವಲ್ಪ ಗೋಜಲು. ‘ಶೋಲೆ’ ತೆಗೆದುಕೊಳ್ಳಿ. ಅದರ ರಾಮಗಢ ಕಟ್ಟಿದ್ದು ನಮ್ಮ ಕರ್ನಾಟಕದ ರಾಮನಗರದ ಬಂಡೆಗಳ ನಡುವೆ. ನಿರ್ದೇಶಕ ರಮೇಶ್ ಸಿಪ್ಪಿ ಮೊದಲು ತೆಗೆದ ಕೊನೆಯಲ್ಲಿ ಠಾಕೂರ್, ಮೊಳೆ ಹೊಡೆದ ಬೂಟಿನಿಂದ ತುಳಿದು ಗಬ್ಬರ್‌ನನ್ನು ಕೊಲ್ಲುತ್ತಾನೆ. 1975, ತುರ್ತು ಪರಿಸ್ಥಿತಿ. ಪೊಲೀಸ್ ಅಧಿಕಾರಿಯಾಗಿದ್ದವನು ಕಾನೂನನ್ನು ಕೈಗೆ ತೆಗೆದುಕೊಳ್ಳುವುದನ್ನು ಸೆನ್ಸಾರ್‌ನವರು ಒಪ್ಪಲಿಲ್ಲ. ಪೊಲೀಸರು ಬಂದು ತಡೆಯುವ ಹಾಗೆ ಮತ್ತೆ ಶೂಟ್ ಮಾಡಬೇಕಾಯಿತು. ದೇಶ 50 ವರ್ಷ ನೋಡಿದ್ದು ಆ ಎರಡನೆಯ ಕೊನೆಯನ್ನು. 2025ರಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ದುರಸ್ತಿ ಮಾಡಿದ ಪ್ರತಿಯಲ್ಲಿ ಮೊದಲಿನ ಕೊನೆ ಬಂತು, ಇಟಲಿಯ ಬೊಲೊನ್ಯಾ ಊರಿನ ಉತ್ಸವದಲ್ಲಿ ತೋರಿಸಿದರು. ಈಗ ಹೇಳಿ, ಇದರಲ್ಲಿ ಮೂಲ ಯಾವುದು? ನಿರ್ದೇಶಕ ಬಯಸಿದ್ದೋ, ಜನ ನೋಡಿದ್ದೋ?

ನನ್ನ ಅಭಿಪ್ರಾಯ, ಎರಡೂ ಬೇಕು. ಒಂದನ್ನೇ ಆರಿಸು ಅಂದರೆ ನಾನು ಜನ ನೋಡಿದ್ದನ್ನೇ ಆರಿಸುತ್ತೇನೆ. ಸೆನ್ಸಾರ್ ಕೈ ಬಿದ್ದದ್ದಾದರೂ ಪರವಾಗಿಲ್ಲ. ಯಾಕೆಂದರೆ ಆ ಪೊಲೀಸರು ಓಡಿ ಬರುವುದರಲ್ಲೇ 1975ರ ಇತಿಹಾಸ ಕೂತಿದೆ. ಅದನ್ನು ಅಳಿಸಿದರೆ ಸೆನ್ಸಾರ್ ಮಾಡಿದ ಕೆಲಸದ ಸಾಕ್ಷಿಯನ್ನೂ ಅಳಿಸಿದ ಹಾಗೆ. ಇದನ್ನು ಒಪ್ಪದವರು ಇಲ್ಲಿ ಇದ್ದೀರಿ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. ಇರಲಿ, ಕೊನೆಗೆ ಜಗಳ ಮಾಡೋಣ.

ಸರಿಯಾಗಿ ಮಾಡಿದವರೂ ಇದ್ದಾರೆ. ‘ಬ್ಲೇಡ್ ರನ್ನರ್’ 1982ರದ್ದು. ಅದಕ್ಕೆ ರೂಪಗಳ ಮೇಲೆ ರೂಪ. ನಿರ್ದೇಶಕ ರಿಡ್ಲಿ ಸ್ಕಾಟ್ 2007ರಲ್ಲಿ ತಮ್ಮ ಕೊನೆಯ ರೂಪ ಕೊಟ್ಟಾಗ, ಒಂದೇ ಪೆಟ್ಟಿಗೆಯಲ್ಲಿ ಐದು ರೂಪಗಳನ್ನೂ ಹಾಕಿ ಮಾರಿದರು. ಯಾವುದು ಬೇಕೋ ನೋಡಿ. ಸ್ಪೀಲ್‌ಬರ್ಗ್ 2002ರಲ್ಲಿ ತಮ್ಮ ‘ಇ.ಟಿ.’ ತಿದ್ದಿ, ಪೊಲೀಸರ ಕೈಯ ಬಂದೂಕು ಅಳಿಸಿ ವಾಕಿಟಾಕಿ ಇಟ್ಟಿದ್ದರು. ಆಮೇಲೆ ಹಾಗೆ ಮಾಡಬಾರದಿತ್ತು ಅಂತ ಬಹಿರಂಗವಾಗಿ ಹೇಳಿ, 2012ರ ಬ್ಲೂ-ರೇಯಲ್ಲಿ 1982ರದ್ದನ್ನೇ ಕೊಟ್ಟರು. ನಮ್ಮ ಪಕ್ಕದಲ್ಲೇ ನೋಡಿ. ಸಿಬಿ ಮಲಯಿಲ್ ಅವರ ‘ದೇವದೂತನ್’ 2000ದಲ್ಲಿ ಬಿದ್ದುಹೋದ ಸಿನಿಮಾ. 2024ರಲ್ಲಿ ಮತ್ತೆ ಎಡಿಟ್ ಮಾಡಿ ತಂದರು, ಜನ ತುಂಬಿದರು. ಒಬ್ಬ ನಿರ್ದೇಶಕನಿಗೆ 24 ವರ್ಷದ ಮೇಲೆ ಇಂಥ ಅವಕಾಶ ಸಿಗುವುದು ಸಂತೋಷವೇ. ಬಿದ್ದುಹೋದ ಆ ಮೊದಲನೆಯದೂ ಎಲ್ಲೋ ಒಂದು ಕಡೆ ಸಿಗುತ್ತಿರಲಿ, ಅಷ್ಟೇ.

ಕಾನೂನು ಏನು ಹೇಳುತ್ತದೆ? ಪ್ರೇಕ್ಷಕನಿಗೆ ಏನೂ ಇಲ್ಲ. ನಿರ್ದೇಶಕನಿಗೂ ಜಾಸ್ತಿ ಏನಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ. ಇದರ ಪರಿಣಾಮ 2025ರ ಆಗಸ್ಟ್‌ನಲ್ಲಿ ಕಂಡಿತು. 2013ರ ‘ರಾಂಝಣಾ’ದ ತಮಿಳು ರೂಪವನ್ನು ಎಐ ಬಳಸಿ ಕೊನೆ ಬದಲಿಸಿ ಬಿಡುಗಡೆ ಮಾಡಿದರು. ಸತ್ತ ನಾಯಕ ಎದ್ದು ಕೂತ. ನಿರ್ದೇಶಕ ಆನಂದ್ ಎಲ್. ರೈ ಬೇಡ ಅಂದರು, ನಾಯಕ ಧನುಷ್ ಬೇಸರ ತೋಡಿಕೊಂಡರು. ಆದರೂ ಬಿಡುಗಡೆಯಾಯಿತು. ಲೂಕಾಸ್ ಕಥೆಗಿಂತ ಇದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಅಲ್ಲಿ ಮಾಡಿದವನೇ ತಿದ್ದಿದ. ಇಲ್ಲಿ ಮಾಡಿದವನು ಬೇಡ ಬೇಡ ಅನ್ನುತ್ತಿರುವಾಗಲೇ ತಿದ್ದಿದ್ದು. ‘ಮೂಲ ಕೊಡಿ’ ಎಂಬ ಬೇಡಿಕೆ ನಿರ್ದೇಶಕನ ವಿರುದ್ಧದ್ದು ಅಂತ ತಿಳಿಯಬೇಡಿ. ಇಂಥ ಹೊತ್ತಿನಲ್ಲಿ ಅವನಿಗೆ ಬೆಂಬಲವಾಗಿ ನಿಲ್ಲುವುದು ಆ ಬೇಡಿಕೆಯೇ.

ಕನ್ನಡದಲ್ಲಿ ಬಣ್ಣದ ಕಥೆ ಗೊತ್ತಲ್ಲ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಬಂತು, 1971ರ ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ. ರಾಜ್‌ಕುಮಾರ್ ಅವರನ್ನು ದೊಡ್ಡ ಪರದೆಯಲ್ಲಿ ಮತ್ತೆ ನೋಡುವ ಆಸೆಗೆ ಜನ ಹೋದರು, ಅದು ತಪ್ಪಲ್ಲ. ಆದರೆ ಕಪ್ಪು-ಬಿಳುಪಿನಲ್ಲಿ ಬೆಳಕು ಕೂರಿಸಿದ ಕ್ಯಾಮೆರಾಮನ್ ಸೀರೆ ಹಸಿರೋ ಕೆಂಪೋ ಅಂತ ಯೋಚಿಸಿರಲಿಲ್ಲ, ನೆರಳು ಎಲ್ಲಿ ಬೀಳಬೇಕು ಅಂತ ಯೋಚಿಸಿದ್ದ.

ದಿನಾ ನಡೆಯುವ ತಿದ್ದುಪಡಿ ಇನ್ನೊಂದು ಉಂಟು, ಅದನ್ನು ಯಾರೂ ಗಮನಿಸುವುದಿಲ್ಲ. ಮನೆಗೆ ಹೋಗಿ ಯೂಟ್ಯೂಬ್‌ನಲ್ಲಿ ಐವತ್ತರ ದಶಕದ ಕನ್ನಡ ಸಿನಿಮಾ ಹಾಕಿ ನೋಡಿ. ಆಗಿನ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರ. ಈಗಿನ ಪರದೆ ಅಗಲ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬಂದರೆ ಜನ ನೋಡುವುದಿಲ್ಲ ಅಂತ ಎಷ್ಟೋ ಕಡೆ ಚಿತ್ರವನ್ನು ಹಿಗ್ಗಿಸಿ ಅಗಲಕ್ಕೆ ಕೂರಿಸುತ್ತಾರೆ. ಮೇಲೆ ಕೆಳಗೆ ಸೇರಿ ಕಾಲು ಭಾಗ ಹೋಯಿತು. ರಾಜನ ಕಿರೀಟ ಇಲ್ಲ, ಕುಣಿಯುವವಳ ಪಾದ ಇಲ್ಲ. ಮೂಲೆಯಲ್ಲಿ ಕಂಪನಿಯ ಲೋಗೋ, ಹಾಡಿನ ಮಧ್ಯೆ ಕತ್ತರಿ, ಶುರುವಿನ ಟೈಟಲ್ ಕಾರ್ಡ್ ಹಾರಿಸಿ ನೇರ ಕಥೆಗೆ. ಟೈಟಲ್ ಹೋದರೆ ಯಾರು ಸಂಕಲನಕಾರ, ಯಾರು ಧ್ವನಿಗ್ರಾಹಕ ಅಂತ ತಿಳಿಯುವ ದಾರಿಯೂ ಹೋಯಿತು.

ಇಷ್ಟಾದರೂ ಸಿಗುತ್ತದಲ್ಲ, ಅದೇ ಪುಣ್ಯ ಅನ್ನಬೇಕು. ಕನ್ನಡದ ಮೊದಲ ಬಿಡುಗಡೆಯಾದ ಟಾಕಿ ‘ಸತಿ ಸುಲೋಚನ’, 1934ರದ್ದು. ಚಿತ್ರೀಕರಣ ನಡೆದದ್ದು ಇನ್ನೊಂದು ಗಡಿಯಾಚೆ, ಕೊಲ್ಲಾಪುರದಲ್ಲಿ. ಅದರ ಪ್ರಿಂಟ್ ಒಂದೂ ಉಳಿದಿಲ್ಲ. ಹಳೆಯ ರೀಲನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿ ಮಾರಿದವರು ಭಾರತೀಯ ಸಿನಿಮಾದಲ್ಲಿ ಕಡಿಮೆಯಲ್ಲ. ನಂತರದ ಕಾಲದ ಅಸಿಟೇಟ್ ಫಿಲ್ಮ್ ತೇವಕ್ಕೆ ಕೊಳೆಯುತ್ತದೆ. ಡಬ್ಬ ತೆರೆದರೆ ವಿನೆಗರ್ ವಾಸನೆ, ರೀಲು ಮುದುಡಿ ಅಂಟಿಕೊಂಡಿರುತ್ತದೆ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಇನ್ನು ಗೋದಾಮಿನಲ್ಲಿ ಬಿದ್ದ ರೀಲಿಗೆ ಕೇಳಬೇಕಾ? ಹಾಗಾಗಿ ನಮ್ಮಲ್ಲಿ ಪ್ರಶ್ನೆ ಅಮೆರಿಕದವರ ಹಾಗೆ ‘ಯಾವ ರೂಪ ಕೊಡುತ್ತೀರಿ’ ಅಂತ ಅಲ್ಲ, ‘ಇಟ್ಟುಕೊಂಡಿದ್ದೀರಾ’ ಅಂತ. ನಿರ್ಮಾಪಕ ತೀರಿಸಬೇಕಾದ ಮೊದಲ ಸಾಲ ಅದು. ಬಿಡುಗಡೆಯಾದ ದಿನದ ರೂಪದ ಒಂದು ಒಳ್ಳೆಯ ಪ್ರತಿ ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಹೋಗಿ ಸೇರಬೇಕು. ಆಮೇಲೆ ಬಣ್ಣ ಬಳಿಯಿರಿ, ಎಐ ಹಾಕಿ, ಕೊನೆ ಬದಲಿಸಿ. ಪೋಸ್ಟರಿನಲ್ಲಿ ಬರೀ ‘4ಕೆ’ ಅಂತ ಹಾಕದೆ ಏನು ಬದಲಿಸಿದ್ದೀರಿ ಅಂತ ಎರಡು ಸಾಲು ಬರೆಯಿರಿ.

ದುರಸ್ತಿ ಬೇರೆ, ತಿದ್ದುಪಡಿ ಬೇರೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ಉಂಟು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಅದೂ 1977ರದ್ದೇ. ನಿರ್ಮಾಪಕರು ನಮ್ಮ ಕರಾವಳಿಯ ಸದಾನಂದ ಸುವರ್ಣ. ಪುಣೆಯಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಬೊಲೊನ್ಯಾದ ಲ್ಯಾಬ್‌ನಲ್ಲಿ ಅದನ್ನು ದುರಸ್ತಿ ಮಾಡಿದರು. ಗೀರು, ಕಲೆ, ಧೂಳು ತೆಗೆದರು. ಕಪ್ಪು-ಬಿಳುಪು ಕಪ್ಪು-ಬಿಳುಪಾಗಿಯೇ ಇತ್ತು. ಕಾಸರವಳ್ಳಿಯವರೂ ಆ ಕೆಲಸದಲ್ಲಿ ಜೊತೆಗಿದ್ದರು. 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಸುವರ್ಣರು ಅದಕ್ಕೆ ಸ್ವಲ್ಪ ಮೊದಲೇ, ಜುಲೈಯಲ್ಲಿ ತೀರಿಕೊಂಡಿದ್ದರು.

ಈ ದುರಸ್ತಿಗೆ ದುಡ್ಡು ಕೊಟ್ಟವರು ಯಾರು ಗೊತ್ತಾ? ಹಾಬ್ಸನ್ ಲೂಕಾಸ್ ಫ್ಯಾಮಿಲಿ ಫೌಂಡೇಶನ್. ಹೌದು, ಅದೇ ಜಾರ್ಜ್ ಲೂಕಾಸ್ ಮತ್ತು ಅವರ ಹೆಂಡತಿಯ ಸಂಸ್ಥೆ. ತಮ್ಮ 1977ರ ಸಿನಿಮಾವನ್ನು ಮೊದಲಿದ್ದ ಹಾಗೆ ಕೊಡಲು ಒಪ್ಪದ ಮನುಷ್ಯನ ದುಡ್ಡಿನಲ್ಲಿ ನಮ್ಮ 1977ರ ಸಿನಿಮಾ ಮೊದಲಿದ್ದ ಹಾಗೆ ಸಿಕ್ಕಿತು. ಅವರಿಗೆ ಬೈಯುವಾಗ ನಾನು ಸ್ವಲ್ಪ ಮೆತ್ತಗಾಗುವುದು ಇದಕ್ಕೇ.

ಆ ಹೊಸ ಪ್ರತಿಯನ್ನು ಇಲ್ಲಿಗೆ ತರಿಸಿ ತೋರಿಸಲು ಆಗುತ್ತದಾ ಅಂತ ವಾಚನಾಲಯದವರು ಒಂದು ಪತ್ರ ಬರೆದು ನೋಡಬೇಕು ಎಂಬುದು ನನ್ನ ಕೋರಿಕೆ. ಪ್ರೊಜೆಕ್ಟರ್ ಬಾಡಿಗೆಗೆ ಚಂದಾ ಎತ್ತೋಣ. ‘ಶೋಲೆ’ ವಿಷಯದಲ್ಲಿ ತಲೆ ಅಲ್ಲಾಡಿಸಿದವರು ಈಗ ಮಾತಾಡಬಹುದು, ಮೈಕ್ ಆ ಕಡೆ ಕೊಡಿ.