ಪೋವಿಸ್ ಕೋಟೆ ಕ್ಲೈವ್ ಮನೆಗೆ ಬಂದ ಬಗೆ

ಕೇಳುಗರಿಗೆ ನಮಸ್ಕಾರ.

ಟಿಪ್ಪುವಿನ ಡೇರೆ, ಖಡ್ಗ, ಪಾದರಕ್ಷೆ, ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲಿ ಒಂದು, ಇವೆಲ್ಲ ವೇಲ್ಸಿನ ಪೋವಿಸ್ ಕೋಟೆಯಲ್ಲಿವೆ. ಇದು ನಿಮ್ಮಲ್ಲಿ ಹಲವರಿಗೆ ಗೊತ್ತು. ಶ್ರೀರಂಗಪಟ್ಟಣದ ಲೂಟಿಯ ಹಣದಿಂದಲೇ ಆ ಕೋಟೆ ಎದ್ದಿತು ಅನ್ನುವವರೂ ಇದ್ದಾರೆ. ಅಲ್ಲ, ಸ್ವಾಮಿ. ಅದು 13ನೇ ಶತಮಾನದಲ್ಲಿ ವೇಲ್ಸಿನ ಅರಸುಮನೆತನ ಕಟ್ಟಿದ ಕೆಂಪುಕಲ್ಲಿನ ಕೋಟೆ. 1587ರಲ್ಲಿ ಹರ್ಬರ್ಟ್ ಮನೆತನದವರು ಕೊಂಡುಕೊಂಡರು. ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಮನೆಗೆ ಅದು ಬಂದದ್ದು ಒಂದು ಮದುವೆಯಿಂದ, ಒಂದು ಉಯಿಲಿನಿಂದ.

ಬ್ರಿಟನ್ನಿನ ಲಾರ್ಡುಗಳ ಕತೆ ಅರ್ಥವಾಗಬೇಕಾದರೆ ಒಂದು ಮಾತು ನೆನಪಿಟ್ಟುಕೊಳ್ಳಿ: ಬಿರುದಿನ ದಾರಿ ಬೇರೆ, ಆಸ್ತಿಯ ದಾರಿ ಬೇರೆ. ಬಿರುದು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ, ಗಂಡುಸಾಲಿನಲ್ಲೇ ಇಳಿಯುತ್ತದೆ. ಆ ಸಾಲು ನಿಂತರೆ ಬಿರುದೂ ನಿಂತಿತು. ಜಮೀನು, ಮನೆ ಹಾಗಲ್ಲ, ಉಯಿಲಿನಲ್ಲಿ ಬರೆದರೆ ತಂಗಿಯ ಮಗನಿಗೂ ಹೋದಾವು.

ಎಡ್ವರ್ಡ್ ಕ್ಲೈವ್ ಹುಟ್ಟಿದ್ದು 1754ರಲ್ಲಿ, ಪ್ಲಾಸಿ ಕದನದ ರಾಬರ್ಟ್ ಕ್ಲೈವನ ಹಿರಿಯ ಮಗನಾಗಿ. 1774ರಲ್ಲಿ ತಂದೆ ಸತ್ತಾಗ 20ರ ಈ ತರುಣ ಭಾರಿ ಹಣವಂತ. ತಂದೆಯಿಂದ ಬ್ಯಾರನ್ ಬಿರುದೂ ಬಂತು, ಆದರೆ ಅದು ಐರ್ಲೆಂಡಿನದು. ಐರಿಷ್ ಬಿರುದನ್ನು ನಂಬಿಕೊಂಡು ಲಂಡನ್ನಿನ ಮೇಲ್ಮನೆಯಲ್ಲಿ ಕೂರುವ ಹಾಗಿಲ್ಲ. ಅದಕ್ಕೇ ಆತ 1794ರವರೆಗೆ ಲಡ್ಲೋ ಕ್ಷೇತ್ರದ ಸದಸ್ಯನಾಗಿ ಕೆಳಮನೆಯಲ್ಲಿದ್ದ. ದುಡ್ಡಿತ್ತು, ಹಳೆಯ ಮನೆತನದ ಹೆಸರಿರಲಿಲ್ಲ.

ಹರ್ಬರ್ಟ್ ಮನೆಯಲ್ಲಿ ಇದು ತಿರುಗುಮುರುಗು. ಹೆಸರಿತ್ತು, ಸಾಲವೂ ಇತ್ತು. 1784ರಲ್ಲಿ ಎಡ್ವರ್ಡ್ ಆ ಮನೆಯ ಹೆನ್ರಿಯೆಟ್ಟಾಳನ್ನು ಮದುವೆಯಾದ. ಆಕೆಯ ಅಣ್ಣತಮ್ಮಂದಿರ ಪೈಕಿ ಉಳಿದಿದ್ದವನು ಜಾರ್ಜ್ ಒಬ್ಬನೇ. ಪೋವಿಸಿನ ಎರಡನೆಯ ಅರ್ಲ್ (ಅರ್ಲ್ ಎಂದರೆ ಬ್ಯಾರನ್‌ಗಿಂತ ಮೇಲಿನ ಬಿರುದು), ಮದುವೆಯಾಗದವನು. ಯಜಮಾನನೇ ನೋಡಿಕೊಳ್ಳದ ಮನೆ ಏನಾಗುತ್ತದೆ? ಮೆಟ್ಟಿಲುಮೆಟ್ಟಿಲಾದ ಆ ಪ್ರಸಿದ್ಧ ತೋಟದ ಕಟಕಟೆಗಳು ಬೀಳುತ್ತಿದ್ದವು, ಹೂಪಾತಿಯಲ್ಲಿ ಕುದುರೆಗಳು ಮೇಯುತ್ತಿದ್ದವು ಎಂದು ಆಗಿನ ಪ್ರವಾಸಿಗರು ಬರೆದಿಟ್ಟಿದ್ದಾರೆ.

1801ರಲ್ಲಿ ಜಾರ್ಜ್ ಸತ್ತ. ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಗಂಡುಸಾಲು ನಿಂತಿತು, ಅರ್ಲ್ ಬಿರುದು ಅಳಿಯಿತು. ಆಸ್ತಿ? ಉಯಿಲಿನಂತೆ ಸೋದರಳಿಯನಿಗೆ, ಅಂದರೆ ಹೆನ್ರಿಯೆಟ್ಟಾಳ ಮಗನಿಗೆ. ಅವನ ಹೆಸರೂ ಎಡ್ವರ್ಡ್, ಆಗ ಇನ್ನೂ 15ರ ಹುಡುಗ. ಭಾವನಿಗೆ, ಅಂದರೆ ದುಡ್ಡಿನ ಯಜಮಾನನಿಗೆ, ಜಾರ್ಜ್ ಕೋಟೆ ಬರೆದಿಡಲಿಲ್ಲ, ಗಮನಿಸಿ! ಹುಡುಗನಿಗೂ ಷರತ್ತು ಹಾಕಿದ: ಕ್ಲೈವ್ ಎಂಬ ಹೆಸರು ಬಿಟ್ಟು ಹರ್ಬರ್ಟ್ ಎಂದು ಇಟ್ಟುಕೊಳ್ಳಬೇಕು, ಲಾಂಛನವೂ ಹರ್ಬರ್ಟರದ್ದೇ ಆಗಬೇಕು. ಇದಕ್ಕೆ ರಾಜನ ಅನುಮತಿಪತ್ರ ಬೇಕು. 1807ರಲ್ಲಿ ಅದು ಸಿಕ್ಕಿತು. ಪ್ಲಾಸಿಯ ಕ್ಲೈವನ ಮೊಮ್ಮಗ ಹರ್ಬರ್ಟ್ ಆದ. ಒಂದೇ ಮನೆಯಲ್ಲಿ ಅಪ್ಪ ಕ್ಲೈವ್, ಮಗ ಹರ್ಬರ್ಟ್.

ಅಪ್ಪನಿಗೆ ಬಿರುದು ಬೇರೆ ದಾರಿಯಿಂದ ಬಂತು. ಅಳಿದ ಬಿರುದನ್ನು ಅಳಿಯನಿಗೆ ದಾಟಿಸಲಾಗದು, ರಾಜ ಅದೇ ಹೆಸರಿನಲ್ಲಿ ಹೊಸದನ್ನು ಸೃಷ್ಟಿಸಬೇಕು. 1804ರಲ್ಲಿ ಹಾಗೆಯೇ ಮಾಡಿದರು. ಅದಕ್ಕೇ ಎಡ್ವರ್ಡ್ ಮೂರನೆಯ ಅರ್ಲ್ ಅಲ್ಲ, ಮತ್ತೆ ಮೊದಲನೆಯ ಅರ್ಲ್. ಪಟ್ಟಿ ನೋಡಿ ಗಲಿಬಿಲಿಯಾಗುವವರು ಇದನ್ನು ಗುರುತು ಹಾಕಿಕೊಳ್ಳಿ. ಬಿರುದಿನ ದಾರಿ ಬೇರೆ, ಆಸ್ತಿಯ ದಾರಿ ಬೇರೆ.

ಸಮಯ ಓಡುತ್ತಿದೆ. ಮದ್ರಾಸಿನ ಮಾತು ಚುಟುಕಾಗಿ. 1798ರಿಂದ 1803ರವರೆಗೆ ಎಡ್ವರ್ಡ್ ಅಲ್ಲಿ ಗವರ್ನರ್. ಟಿಪ್ಪುವಿನ ಮೇಲಿನ ಯುದ್ಧವನ್ನು ನಡೆಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ, ಅದಕ್ಕಾಗಿ ಮದ್ರಾಸಿಗೇ ಬಂದು ಕೂತಿದ್ದ. ಎಡ್ವರ್ಡ್ ಸಹಕರಿಸಿದ, ಅಷ್ಟೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದ ಊರಿನ ಸೊತ್ತನ್ನು ಪಟ್ಟಿಮಾಡಿ, ಹರಾಜು ಹಾಕಿ, ದರ್ಜೆಯ ಪ್ರಕಾರ ಸೈನಿಕರಿಗೆ ಹಂಚುವುದು ಆಗಿನ ಪದ್ಧತಿ. ಹಂಚಲೆಂದೇ ಸಿಂಹಾಸನವನ್ನು ಒಡೆದರು. ಇಡಿಯಾಗಿ ಇಂಗ್ಲೆಂಡಿಗೆ ಕಳಿಸಬೇಕೆಂದಿದ್ದ ವೆಲ್ಲೆಸ್ಲಿಗೆ ಅದು ಹಿಡಿಸಲಿಲ್ಲ. ಒಡೆದದ್ದರಿಂದಲೇ ಅದರ ಎಂಟು ಸಣ್ಣ ಹುಲಿತಲೆಗಳು ದಿಕ್ಕಾಪಾಲಾದವು.

ಹೆನ್ರಿಯೆಟ್ಟಾ ಮಾತ್ರ ಸುಮ್ಮನೆ ಕೂರುವವಳಲ್ಲ. 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲ್ಲಿಯನ್ನೂ ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿದಳು. ಆ ಹುಡುಗಿಯರಲ್ಲಿ ಕಿರಿಯಳಾದ ಷಾರ್ಲಟ್ ಮುಂದೆ ವಿಕ್ಟೋರಿಯಾ ರಾಣಿಗೆ ಬಾಲ್ಯದಲ್ಲಿ ಗವರ್ನೆಸ್ ಆದಳು. ಕ್ಲೈವಿಯಾ ಎಂಬ ಹೂಗಿಡದ ಹೆಸರು ಇವಳ ತವರಿನದು.

ಡೇರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಳಿ ನೆಲದ ಹತ್ತಿಬಟ್ಟೆ, ಅದರ ಮೇಲೆ ಹೂದಾನಿಯಲ್ಲಿ ಅರಳಿದ ಹೂಗಳ ಚೀಟಿನ ಕೆಲಸ. ಇದನ್ನು ಪೋವಿಸಿನಲ್ಲಿ ಗಾರ್ಡನ್ ಪಾರ್ಟಿಗೆ ಹೊಡೆಯುತ್ತಿದ್ದರು! ಅಂಥ ಬಟ್ಟೆಗೆ ಬೆಳಕೇ ಶತ್ರು. ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ, ನಷ್ಟ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ. ಇಂದಿನ ಮ್ಯೂಸಿಯಮ್ಮುಗಳಲ್ಲಿ ಅಂಥ ಬಟ್ಟೆಯ ಮೇಲೆ ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಮೀರಿ ಬೆಳಕು ಬಿಡುವುದಿಲ್ಲ. ಅಂಥ ಕೋಣೆ ಮಬ್ಬಾಗಿದೆ ಎಂದು ದಯವಿಟ್ಟು ದೂರಬೇಡಿ.

ಕೋಟೆಯ ದುರಸ್ತಿಗೆ 1815ರ ಹೊತ್ತಿಗೆ ರಾಬರ್ಟ್ ಸ್ಮರ್ಕ್ ಎಂಬ ವಾಸ್ತುಶಿಲ್ಪಿ ಬಂದ. ದುಡ್ಡು ಕ್ಲೈವರದ್ದು. ಅಪ್ಪ ಎಡ್ವರ್ಡ್ ತೀರಿಕೊಂಡದ್ದು 1839ರಲ್ಲಿ. 80ರ ವಯಸ್ಸಿನಲ್ಲೂ ಬೆಳಗಿನ ಆರಕ್ಕೆ ಕೋಟು ಬಿಚ್ಚಿಟ್ಟು ತೋಟ ಅಗೆಯುತ್ತಿದ್ದನಂತೆ.

ನಾಲ್ಕನೆಯ ಅರ್ಲನ ಇಬ್ಬರು ಗಂಡುಮಕ್ಕಳೂ ಎರಡು ಮಹಾಯುದ್ಧಗಳಲ್ಲಿ ಮಡಿದರು. 1952ರಲ್ಲಿ ಆತ ಸತ್ತಾಗ ಬಿರುದು ಒಬ್ಬ ದಾಯಾದಿಗೆ ಹೋಯಿತು, ಕೋಟೆ ಹಳೆಯ ಕಟ್ಟಡ, ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ. ಹೋಗಬಯಸುವವರಿಗೆ ಹತ್ತಿರದ ರೈಲುನಿಲ್ದಾಣ ವೆಲ್ಷ್‌ಪೂಲ್. ನಮಸ್ಕಾರ.